ಎಲ್ಲಾರೂ ಅದೇ ಬರದಾರ, ನೀನೂ ಅದೇ ಬರಿ

ಲ್ಯಾಬ್‌ಗಳಲ್ಲಿ ಹೆಚ್ಚು ಕಿವಿಗೆ ಬೀಳುವ ಮಾತು ಓಮ್‌ನ ನಿಯಮವಲ್ಲ, ಮೇಲಿನ ಈ ತಲೆಬರಹ. ಮೀಟರ್ ಒಂದು ತೋರಿಸುತ್ತದೆ, ಸೀನಿಯರ್ ರೆಕಾರ್ಡಿನಲ್ಲಿ ಇನ್ನೊಂದು ಇರುತ್ತದೆ. ಬ್ಯಾಚಿನ ನಾಲ್ವರಲ್ಲಿ ಮೂವರು ಸೀನಿಯರ್ ಕಡೆ. ನಾಲ್ಕನೆಯವರು "ಅಲ್ಲೋ, ಮೀಟರ್ ಹಿಂಗ್ ತೋರಸ್ಲಕತ್ತದಲ್ಲ?" ಅಂದರೆ ಉತ್ತರ ರೆಡಿ: "ಭಾಳ ಶಾಣ್ಯಾ ಆಗಬ್ಯಾಡ." ಅಲ್ಲಿಗೆ ಪ್ರಯೋಗ ಮುಗಿಯಿತು. ಮಾಸ್ ಬಂಕ್ ದಿನ ಕ್ಲಾಸಿಗೆ ಹೋದವರಿಗೆ 'ಚಮಚಾ' ಅನ್ನೋ ಬಿರುದು. ಯಾವ ಕೋರ್ಸ್ ಸೇರಬೇಕು, ಯಾವ ಕಂಪನಿಗೆ ಕಾಯಬೇಕು ಅನ್ನುವುದನ್ನೂ ವಾಟ್ಸ್‌ಆ್ಯಪ್ ಗ್ರೂಪೇ ನಿರ್ಧರಿಸುತ್ತದೆ. ಇದೆಲ್ಲ ಸಣ್ಣ ವಿಷಯ ಅಂತ ನಗಬಹುದು. ನಮಗೆ ಹಾಗನ್ನಿಸುವುದಿಲ್ಲ.

ಯಾಕೆಂದರೆ ನಾವಿರುವುದು ಬಸವಕಲ್ಯಾಣದ ಸೀಮೆಯಲ್ಲಿ. ಬಸವಣ್ಣನವರ ಫೋಟೊ ಇಲ್ಲದ ಆಫೀಸು ನಮ್ಮ ಕಡೆ ಸಿಗುವುದು ಕಷ್ಟ. ಜಯಂತಿ ದಿನ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಒಂದು ವಚನ, ಅದೇ ಫಾಂಟು, ಅದೇ ಹೂವಿನ ಬಾರ್ಡರು. ಊರಿಗೆಲ್ಲ ಸರಿ ಅನ್ನಿಸಿದ್ದನ್ನು ಒಪ್ಪದ ಮನುಷ್ಯನನ್ನು ನಾವು ನೆನೆಯುವುದು ಫಾರ್ವರ್ಡ್ ಮಾಡಿ!

ಅವರು ಉಪನಯನ ಬೇಡವೆಂದು ಮನೆ ಬಿಟ್ಟರು ಅಂತ ಪರಂಪರೆ ಹೇಳುತ್ತದೆ. ಆ ಕಥೆ ಎಲ್ಲರಿಗೂ ಗೊತ್ತು. ನಮಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮುಂದಿನ ಭಾಗ. ಬಸವಣ್ಣ ಕಾಡಿಗೆ ಹೋಗಿ ಕೂತವರಲ್ಲ. ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದವರು, ಅಂದರೆ ಲೆಕ್ಕಪತ್ರದ, ಜವಾಬ್ದಾರಿಯ ನೌಕರಿ. "ಮೊದ್ಲು ಜಾಬ್ ಸಿಗ್ಲಿ, ಆಮ್ಯಾಲ ವಿಚಾರ ಮಾಡೋಣ" ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಹಗಲು ಅರಸನ ಲೆಕ್ಕ, ಅದರ ಜೊತೆಗೇ ಅರಸನಿಗೆ ಇಷ್ಟವಾಗದ ವಿಚಾರ.

ಇನ್ನೊಂದು ಸಂಗತಿ. ಸ್ವತಂತ್ರವಾಗಿ ಯೋಚಿಸುವುದು ಅಂದರೆ ಒಬ್ಬರೇ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂಡುವುದು ಅಂತ ನಮ್ಮಲ್ಲೊಂದು ತಪ್ಪು ಕಲ್ಪನೆ ಇದೆ. ಕಲ್ಯಾಣದಲ್ಲಿ ನಡೆದದ್ದು ಅದಲ್ಲ. ಅಲ್ಲಿ ಸೇರಿದವರು ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ. ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ಬರೆದರು. ಅನುಭವ ಮಂಟಪದ ಪೀಠದಲ್ಲಿ ಕೂತದ್ದು ಬಸವಣ್ಣನೂ ಅಲ್ಲ, ಅಲ್ಲಮಪ್ರಭು. ಈ ಸಂವಾದಗಳನ್ನು 15ನೇ ಶತಮಾನದಲ್ಲಿ 'ಶೂನ್ಯಸಂಪಾದನೆ'ಯಾಗಿ ಜೋಡಿಸಿದರು. ಅದನ್ನು ಓದಿದರೆ ಅಲ್ಲಿ ಯಾರೂ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಅಕ್ಕಮಹಾದೇವಿ ಬಂದಾಗ ಅಲ್ಲಮ ಆರತಿ ಎತ್ತುವುದಿಲ್ಲ, ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾನೆ. ಆಕೆ ಒಂದಕ್ಕೂ ತಲೆ ತಗ್ಗಿಸುವುದಿಲ್ಲ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ ಕಥೆ ಇದೆ. ತಿದ್ದಿದವಳು ಹೆಂಡತಿ, ತಿದ್ದಿಸಿಕೊಂಡವನು ಶರಣ. ಅಲ್ಲಿ ಪ್ರಶ್ನೆ ಕೇಳಿದವರನ್ನು ಗುಂಪಿನಿಂದ ರಿಮೂವ್ ಮಾಡಲಿಲ್ಲ ಅಷ್ಟೇ.

ಬೆಲೆ ಇರಲಿಲ್ಲ ಅಂತಲ್ಲ. ಹರಳಯ್ಯನ ಮಗ, ಮಧುವರಸನ ಮಗಳ ಮದುವೆ, ಆಮೇಲೆ ಬಂದ ಘೋರ ಶಿಕ್ಷೆ, ಶರಣರು ಕಲ್ಯಾಣ ಬಿಟ್ಟು ಚದುರಿದ್ದು ನಮ್ಮ ಜನರ ನೆನಪಿನಲ್ಲಿ ಇವತ್ತಿಗೂ ಹಸಿ. ವಚನಗಳು ಮಾತ್ರ ತಾಳೆಗರಿಯಲ್ಲಿ ಉಳಿದವು. 1923ರಲ್ಲಿ ಫ.ಗು. ಹಳಕಟ್ಟಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಅವರೂ ವೃತ್ತಿಯಿಂದ ವಕೀಲರು, ಅಂದರೆ ಇನ್ನೊಬ್ಬ ನೌಕರಿಯವರೇ.

ಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿಗೆ ಬಂದರೆ ಮಾಣಿಕನಗರ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆ ನಿಂತು 'ಸಕಲಮತ' ಅಂದರು: ಯಾವ ಮತವನ್ನೂ ಅಲ್ಲಗಳೆಯಬೇಡ ಅಂತ. ನಿಜಾಮರ ಸೀಮೆಯಲ್ಲಿ ಹಿಂದೂ, ಮುಸ್ಲಿಂ ಇಬ್ಬರೂ ಅವರ ಬಾಗಿಲಿಗೆ ಬಂದರು. 'ನೀನು ಯಾವ ಕಡೆ, ಹೇಳು' ಅನ್ನುವ ಒತ್ತಾಯಕ್ಕೆ ಕಡೆಯನ್ನೇ ಆರಿಸದೆ ನಿಂತದ್ದೂ ಒಂದು ಧೈರ್ಯವೇ. ಎಲ್ಲದಕ್ಕೂ ಎದುರು ಮಾತಾಡುವವನೇ ಸ್ವತಂತ್ರ ಅಂತ ತಿಳಿದವರು ಇದನ್ನು ಸ್ವಲ್ಪ ನೋಡಬೇಕು. ಗುಂಪು ಬಲಕ್ಕೆ ಹೋದರೆ ತಪ್ಪದೆ ಎಡಕ್ಕೆ ಹೋಗುವವನನ್ನೂ ನಡೆಸುತ್ತಿರುವುದು ಗುಂಪೇ.

ಈಗ ಮತ್ತೆ ಲ್ಯಾಬಿಗೆ ಬರೋಣ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ. ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳುವುದು, ಅಷ್ಟೇ. ಚಿಕ್ಕ ಹುಡುಗರೂ ಹೇಳುವಂಥದ್ದು. ಆದರೆ ಗುಂಪಿನ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುವವರು. ಅಂಥ ಸುತ್ತುಗಳಲ್ಲಿ ಏನೂ ತಿಳಿಯದ ಆ ಒಬ್ಬನ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪಿನ ಕಡೆಗೇ ವಾಲಿದವು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಈ ವಾಲಾಟ ಬಹಳ ಮಟ್ಟಿಗೆ ಇಳಿಯಿತು. ಬೇಕಾದದ್ದು ದೊಡ್ಡ ಸೈನ್ಯವಲ್ಲ, ಪಕ್ಕದ ಬೆಂಚಿನ ಒಬ್ಬ ಗೆಳೆಯ ಅಥವಾ ಗೆಳತಿ.

ನಮ್ಮ ವೃತ್ತಿಯಲ್ಲಿ ಇದು ಪ್ರಾಣದ ಪ್ರಶ್ನೆ. 1986ರ ಜನವರಿ 27ರ ರಾತ್ರಿ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ಚಳಿಗೆ ರಬ್ಬರ್ ಓ-ರಿಂಗ್ ಗಟ್ಟಿಯಾಗುತ್ತದೆ, ಚಾಲೆಂಜರ್ ಹಾರಿಸಬೇಡಿ ಅಂದರು. ರೋಜರ್ ಬೋಜೊಲಿ ವಾದಿಸಿದ. ಅಲನ್ ಮ್ಯಾಕ್‌ಡೊನಾಲ್ಡ್ ಸಹಿ ಹಾಕಲಿಲ್ಲ. ಕಂಪನಿಯಲ್ಲಿ ಬೇರೆಯವರು ಹಾಕಿದರು. ಮರುದಿನ ಹಾರಿದ 73ನೇ ಸೆಕೆಂಡಿಗೆ ಏಳು ಜನ ಹೋದರು. ಡೇಟಾ ಇತ್ತು, ಹೇಳುವವರೂ ಇದ್ದರು. ಅವರ ಮಾತಿಗೆ ಕೋಣೆಯಲ್ಲಿ ಜಾಗ ಸಾಲಲಿಲ್ಲ. ಇವತ್ತು ಮೀಟರ್ ತೋರಿಸಿದ್ದನ್ನು ಅಳಿಸಿ ಸೀನಿಯರ್ ಅಂಕಿ ಬರೆಯುವ ಕೈ, ನಾಳೆ ಸೇತುವೆಯ ಟೆಸ್ಟ್ ರಿಪೋರ್ಟಿನ ಮುಂದೆ ಏನು ಮಾಡೀತು?

ಆದ್ದರಿಂದ ನಮ್ಮ ಸಂಘಕ್ಕೆ ಒಂದು ಸಲಹೆ. ತಿಂಗಳಿಗೊಂದು ಸಂಜೆ ಸೇರೋಣ. ಅಧ್ಯಕ್ಷರ ಕುರ್ಚಿ ಪ್ರತಿ ಸಲ ಬೇರೆಯವರಿಗೆ. ಮೊದಲು ಮಾತಾಡುವುದು ಫಸ್ಟ್ ಇಯರ್‌ನವರು, ಕೊನೆಗೆ ಫೈನಲ್ ಇಯರ್‌ನವರು. ಸೀನಿಯರ್ ಏನಂದ್ರು ಅಂತ ನೋಡಿ ಉತ್ತರ ಹೇಳುವ ಅವಕಾಶವೇ ಇರಬಾರದು. ಕನ್ನಡ, ಉರ್ದು, ಮರಾಠಿ, ತೆಲುಗು, ಯಾವ ಮಾತು ಬೆರೆತರೂ ನಡೆಯುತ್ತದೆ, ನಮ್ಮ ಮನೆಗಳಲ್ಲಿ ಹೇಗೂ ಬೆರೆತೇ ಇದೆ. ಚಹಾ ಖರ್ಚು ಸಂಘದ್ದು. ಮೊದಲ ಸಂಜೆಯ ವಿಷಯ: ರೆಕಾರ್ಡಿನಲ್ಲಿ ಬರೆಯಬೇಕಾದದ್ದು ಮೀಟರ್ ಅಂಕಿಯೋ, ಸೀನಿಯರ್ ಅಂಕಿಯೋ? ಸೀನಿಯರ್ ಅಂಕಿಯೇ ಸರಿ ಅನ್ನುವವರೂ ಬರ್ರಿ, ಕೂತು ವಾದ ಮಾಡೋಣ.