ಮೈಕಿಗೆ ಅನುಮತಿ ಸಿಕ್ಕರೆ ಸಾಕೇ?



ಹಬ್ಬ-ಜಾತ್ರೆಗಳು ಬಂದರೆ ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ, ಆರ್ಕೆಸ್ಟ್ರಾಗಳದ್ದೇ ಸಡಗರ. ಆಯೋಜಕರು ಠಾಣೆಗೆ ಅಲೆದು ಮೈಕಿಗೆ ಅನುಮತಿ ತರುತ್ತಾರೆ. ಜನರ ನಡುವೆ ಯಾರಾದರೂ ಕುಸಿದು ಬಿದ್ದರೆ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂಬ ಮಾತು ಮಾತ್ರ ಹೆಚ್ಚಿನ ಕಡೆ ಏಳುವುದೇ ಇಲ್ಲ.

ಅವಘಡಕ್ಕೆ ಲಕ್ಷ ಜನ ಸೇರಬೇಕಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಮಳೆ ಬಂದು, ಹೊರಗಿದ್ದವರು ಒಮ್ಮೆಲೇ ಒಳನುಗ್ಗಿದಾಗ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಜೀವ ಕಳೆದುಕೊಂಡರು. ಮಳೆ, ಕರೆಂಟ್ ತಂತಿ, ಇಕ್ಕಟ್ಟಾದ ದಾರಿ ನಮ್ಮೂರುಗಳಲ್ಲೂ ಇವೆ.

ಇದರ ಮೇಲೆ ದೊಡ್ಡ ಆಸ್ಪತ್ರೆಗಳು ನಮಗೆ ದೂರ. 2018ರ ಡಿಸೆಂಬರ್‌ನಲ್ಲಿ ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಮೈಸೂರಿನವರೆಗೂ ಸಾಗಿಸಬೇಕಾಯಿತು. 17 ಮಂದಿ ಉಳಿಯಲಿಲ್ಲ. ಅದು ಬೇರೆ ಬಗೆಯ ದುರಂತ. ಆದರೂ ನೆರವು ಬರುವ ತನಕದ ಹೊತ್ತನ್ನು ಊರಿನವರೇ ನಿಭಾಯಿಸಬೇಕು ಎಂಬುದನ್ನು ಅದು ತೋರಿಸಿಕೊಟ್ಟಿದೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ಕಾನೂನಿನ ಕೆಲಸ ಅದರ ಪಾಡಿಗೆ ನಡೆಯಲಿ, ಊರ ನಾಟಕ ಅದಕ್ಕಾಗಿ ಕಾಯಬೇಕಿಲ್ಲ.

ಮೈಕಿನ ಅರ್ಜಿಯ ಜೊತೆಗೆ ಒಂದು ಹಾಳೆ ಬರೆಸಿಕೊಂಡರೆ ಸಾಕು. ಆಂಬುಲೆನ್ಸ್‌ಗೆ ಬಿಟ್ಟ ದಾರಿ ಯಾವುದು? ಅಲ್ಲಿ ಬೈಕು, ಅಂಗಡಿ ನಿಲ್ಲದಂತೆ ನೋಡಿಕೊಳ್ಳುವವರು ಯಾರು? ಹೆಂಗಸರು, ಮಕ್ಕಳು ಕೂರುವ ಕಡೆಯಿಂದ ಹೊರಹೋಗಲು ಎರಡನೇ ದಾರಿ ಇದೆಯೇ? ವೇದಿಕೆಯ ವೈರಿಂಗನ್ನು ಬಲ್ಲವರು ನೋಡಿದ್ದಾರೆಯೇ? ಮೇನ್ ಸ್ವಿಚ್ ಬಳಿ ಯಾರಿರುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕ್ರಮ ನಿಲ್ಲಿಸಿ ಎಂದು ಹೇಳುವ ಅಧಿಕಾರ ಯಾರಿಗಿದೆ? ಗಲಿಬಿಲಿಯಾದಾಗ ನಾಲ್ಕು ಮಂದಿ ಮೈಕ್ ಹಿಡಿದು ಕೂಗುವುದಕ್ಕಿಂತ, ಒಬ್ಬರು ನಿಧಾನವಾಗಿ ದಾರಿ ಹೇಳಿದರೆ ಜನ ಕೇಳುತ್ತಾರೆ.

ಚಂದಾ ಎತ್ತಿ ನಾಟಕ ಆಡಿಸುವವರಿಗೆ ಇದು ಹೊರೆ ಎನ್ನುವವರಿದ್ದಾರೆ. ಇದಕ್ಕೆ ಬೇಕಿರುವುದು ಹಣಕ್ಕಿಂತ ಮುನ್ನಾದಿನ ಜಾಗದಲ್ಲಿ ಒಂದು ಸುತ್ತು ಹಾಕುವ ವ್ಯವಧಾನ. ತಹಶೀಲ್ದಾರರು, ಪೊಲೀಸರು, ಗ್ರಾಮ ಪಂಚಾಯಿತಿಯವರು ಮುಂದಿನ ಹಬ್ಬಗಳಿಗೆ ಮೊದಲೇ ಒಟ್ಟಿಗೆ ಕೂತು ಈ ಹಾಳೆಯನ್ನು ಕಡ್ಡಾಯ ಮಾಡಲಿ.

– ಒಬ್ಬ ಓದುಗ, ಮಾಂಬಳ್ಳಿ, ಯಳಂದೂರು ತಾಲ್ಲೂಕು