ಟ್ಯೂಬ್ ಇಲ್ಲದ ಸೈಕಲ್ಲು, ನಾಲೆ ಏರಿಯ ಮುಳ್ಳು

ನಮ್ಮ ಸೈಕಲ್ಲು ನೋಡಿ ಪಂಚರ್ ಅಂಗಡಿ ಅಣ್ಣ ಮೊದಲ ದಿನ ನಕ್ಕೇಬಿಟ್ಟರು. ಟ್ಯೂಬ್ ಎಳೆದು ನೀರಿಗೆ ಅದ್ದಿ ಗುಳ್ಳೆ ಹುಡುಕೋಣ ಅಂತ ಟಯರಿನ ಒಂದು ಮಗ್ಗುಲು ಬಿಚ್ಚಿದರೆ, ಒಳಗೆ ಟ್ಯೂಬೇ ಇಲ್ಲ. ಎಕ್ಕದ ಗಿಡ ಮುರಿದರೆ ಬರುತ್ತಲ್ಲ, ಅಂಥ ಬಿಳೀ ಹಾಲು ಅವರ ಕೈಗೆಲ್ಲ ಮೆತ್ತಿಕೊಂಡಿತು. "ಇದ್ಯಾನ್ರಪ್ಪ ಇದು, ಟಯರ್‌ಗೆ ಮಜ್ಜಿಗೆ ಉಯ್ದಿದ್ದೀರಾ?" ಅಂದರು.

ಯಲಿಯೂರಿನ ಆ ಅಂಗಡಿ ಮುಂದೆ ನಿಂತು ಅವತ್ತು ಶುರುವಾದ ವಾದ ಇನ್ನೂ ಮುಗಿದಿಲ್ಲ. ನಮ್ಮ ಗುಂಪಿನಲ್ಲಿ ಎರಡು ಸೈಕಲ್ಲಿವೆ, ಒಂದು ಟ್ಯೂಬ್‌ಲೆಸ್, ಇನ್ನೊಂದು ಮಾಮೂಲಿ ಟ್ಯೂಬಿನದು. ಸುದ್ದಿಗೆಂದು ಊರೂರು ತಿರುಗುವುದು ಇವೆರಡರಲ್ಲೇ. ಒಂದು ವರ್ಷ ಓಡಿಸಿದ ಮೇಲೆ ನಮಗೂ ಒಂದು ಅಭಿಪ್ರಾಯ ಬಂದಿದೆ. ಮೊಬೈಲಿನಲ್ಲಿ ವೀಡಿಯೊ ನೋಡಿ "ಟ್ಯೂಬ್‌ಲೆಸ್ ಹಾಕಿಸಿದರೆ ಪಂಚರ್ರೇ ಆಗಲ್ಲವಂತೆ" ಅಂತ ದುಡ್ಡು ಕೈಲಿ ಹಿಡಿದು ನಿಂತಿರುವವರು ಇದನ್ನು ಓದಿ ಆಮೇಲೆ ತೀರ್ಮಾನ ಮಾಡಲಿ.

ಮೊದಲು ರಸ್ತೆಯ ಮಾತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಜಿಲ್ಲೆಯಲ್ಲೇ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ಗಾಡಿಗಳನ್ನೂ ಆ ದೊಡ್ಡ ರಸ್ತೆಯಿಂದ ಕೆಳಗಿಳಿಸಿದರು. ಮೋಟಾರಿಲ್ಲದ್ದು ಅಂದರೆ ಎತ್ತಿನಗಾಡಿ ಮತ್ತು ಸೈಕಲ್ಲು. ಆ ವೇಗದ ಕಾರುಗಳ ನಡುವೆ ಸೈಕಲ್ಲು ತುಳಿಯಬೇಕೆಂಬ ಆಸೆ ನಮಗೂ ಇಲ್ಲ, ಆ ನಿಯಮ ಸರಿಯೇ. ಆದರೆ ಉಳಿದದ್ದು ಸರ್ವಿಸ್ ರಸ್ತೆ. ಗಾಜಿನ ಚೂರು, ಲಾರಿ ಟಯರಿನ ತಂತಿ, ಕಬ್ಬಿನ ಸಿಪ್ಪೆ ಎಲ್ಲ ಬಂದು ಸೇರುವುದು ಅದರ ಅಂಚಿಗೆ. ಅದೂ ಬೇಡವೆಂದರೆ ನಾಲೆ ಏರಿ, ಗದ್ದೆ ನಡುವಿನ ಜಲ್ಲಿ ರಸ್ತೆ, ಕಬ್ಬಿನ ಗಾಡಿ ಓಡಾಡಿ ಹಳ್ಳ ಬಿದ್ದ ಮಣ್ಣು ದಾರಿ.

ಇಂಥ ದಾರಿಯಲ್ಲಿ ಸೈಕಲ್ಲು ತುಳಿಯುವುದಕ್ಕೆ ಹೊರದೇಶದಲ್ಲಿ ಗ್ರಾವೆಲ್ ಸೈಕ್ಲಿಂಗ್ ಅನ್ನುತ್ತಾರೆ. 2022ರಲ್ಲಿ ಇಟಲಿಯಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು. ನಮ್ಮ ಕಡೆ ನೀರುಗಂಟಿಗಳು, ಡೇರಿಗೆ ಹಾಲು ಹಾಕುವವರು, ಬುಟ್ಟಿ ಕಟ್ಟಿಕೊಂಡು ಸೊಪ್ಪು ಮಾರುವವರು ಇದನ್ನೇ ಲಾಗಾಯ್ತಿನಿಂದ ಮಾಡಿಕೊಂಡು ಬಂದಿದ್ದಾರೆ. ಅವರಿಗೆ ಯಾರೂ ಪದಕ ಕೊಟ್ಟಿಲ್ಲ, ಪಂಚರ್ ಮಾತ್ರ ದಂಡಿಯಾಗಿ ಆಗಿವೆ.

ಪಂಚರ್ ಎರಡು ಥರ. ಒಂದು ಮುಳ್ಳಿನದು. ಬಳ್ಳಾರಿ ಜಾಲಿ, ಕರಿಜಾಲಿ, ನೆಲಕ್ಕೆ ಹಬ್ಬುವ ನೆಗ್ಗಿಲು. ಈ ನೆಗ್ಗಿಲು ನಮ್ಮ ಕಡೆಯ ಖಂಡಗಳಿಂದಲೇ ಅಮೆರಿಕಕ್ಕೆ ಹೋಗಿ, ಅಲ್ಲಿ ಗೋಟ್‌ಹೆಡ್ ಅಂತ ಹೆಸರಿಟ್ಟುಕೊಂಡು ಅಲ್ಲಿನ ಸೈಕಲ್ಲಿನವರನ್ನೂ ಗೋಳುಹೊಯ್ದುಕೊಳ್ಳುತ್ತಿದೆ. ಇನ್ನೊಂದು ಥರದ್ದು ಕಲ್ಲಿನದು. ಗಾಳಿ ಕಡಿಮೆ ಇದ್ದಾಗ ದಪ್ಪ ಜಲ್ಲಿ ಮೇಲೆ ಚಕ್ರ ಹಾರಿ ಬಿದ್ದರೆ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಜೋಡಿ ತೂತು ಬೀಳುತ್ತದೆ. ಅದಕ್ಕೆ ಹೆದರಿ ನಾವೆಲ್ಲ ಟಯರು ಕಲ್ಲಿನಂತೆ ಗಟ್ಟಿಯಾಗುವವರೆಗೂ ಗಾಳಿ ಹೊಡೆಸುತ್ತೇವೆ. ಆಗ ಬೆನ್ನು, ಮಣಿಕಟ್ಟು ಎರಡೂ ಹೋಗುತ್ತವೆ, ಜಲ್ಲಿ ಮೇಲೆ ಚಕ್ರ ಜಾರುತ್ತದೆ.

ಟ್ಯೂಬ್‌ಲೆಸ್ಸಿನ ನಿಜವಾದ ಲಾಭ ಇರುವುದು ಇಲ್ಲಿ. ಟ್ಯೂಬೇ ಇಲ್ಲದ ಮೇಲೆ ಕಲ್ಲು ಕಚ್ಚುವುದಕ್ಕೆ ಟ್ಯೂಬೆಲ್ಲಿ? ಹಾಗಾಗಿ ಗಾಳಿ ಇಳಿಸಿಕೊಂಡು ಓಡಿಸಬಹುದು. 40 ಮಿಲಿಮೀಟರ್ ಅಗಲದ ಟಯರಿಗೆ, ಎಪ್ಪತ್ತು ಕೆಜಿ ತೂಗುವವರು ಟ್ಯೂಬಿನಲ್ಲಿ 50 ಪಿಎಸ್‌ಐ ಹೊಡೆಸುತ್ತಿದ್ದರೆ, ಟ್ಯೂಬ್‌ಲೆಸ್ಸಿನಲ್ಲಿ 35ರಿಂದ 40 ಸಾಕು. ಟಯರು ಜಲ್ಲಿಯ ಮೇಲೆ ಮೆತ್ತಗೆ ಕೂತುಕೊಂಡು ಹೋಗುತ್ತದೆ. ಮುಳ್ಳಿನಿಂದ ಉಳಿಸುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ, ನಾವು ಮಾತ್ರ ಈ ಮೆತ್ತನೆಗೇ ಮೊದಲ ಮಾರ್ಕು ಕೊಡುತ್ತೇವೆ. ಒಂದು ಎಚ್ಚರಿಕೆ ಇದೆ. ತೀರಾ ಇಳಿಸಿದರೆ ಕಲ್ಲಿನ ಪೆಟ್ಟು ನೇರ ರಿಮ್ಮಿಗೆ ಬಿದ್ದು ಸೊಟ್ಟಗಾಗುತ್ತದೆ.

"ನನ್ನ ಸ್ಕೂಟರಿಗೂ ಟ್ಯೂಬ್‌ಲೆಸ್ಸೇ ಐತೆ, ಅದ್ಕೆ ಯಾವ್ ಹಾಲೂ ಹಾಕಿಲ್ವಲ್ಲ" ಅಂತ ಕೇಳಿದವರಿದ್ದಾರೆ. ಒಳ್ಳೇ ಪ್ರಶ್ನೆ. ಸ್ಕೂಟರಿನ ಟಯರು ದಪ್ಪ, ಒಳಗೇ ಗಾಳಿ ಸೋರದ ರಬ್ಬರಿನ ಪದರ ಇರುತ್ತದೆ. ಮೊಳೆ ಹೊಕ್ಕರೂ ಗಾಳಿ ನಿಧಾನವಾಗಿ ಇಳಿಯುತ್ತದೆ. ಸೈಕಲ್ಲಿನದು ತೆಳು, ತುಳಿಯುವುದು ಕಾಲು ತಾನೆ, ತೂಕ ಹೆಚ್ಚಿಸುವಂತಿಲ್ಲ. 1999ರಲ್ಲಿ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಸೇರಿ ಬೆಟ್ಟದ ಸೈಕಲ್ಲಿಗೆ ಟ್ಯೂಬ್‌ಲೆಸ್ ತಂದವು. ಈಗಿನ ಹೆಚ್ಚಿನ ಸೈಕಲ್ ಟಯರುಗಳಿಗೆ ಒಳಗೆ ಸೀಲೆಂಟ್ ಅನ್ನುವ ಹಾಲು ಬೇಕೇ ಬೇಕು. ಹೆಚ್ಚಿನವು ರಬ್ಬರಿನ ಹಾಲಿನಿಂದಲೇ ಮಾಡಿದವು. ಮುಳ್ಳು ಚುಚ್ಚಿದ ಕೂಡಲೇ ಹಾಲು ತೂತಿಗೆ ನುಗ್ಗಿ ಹೆಪ್ಪುಗಟ್ಟುತ್ತದೆ. ಜಾಲಿ ಮುಳ್ಳಿನಷ್ಟು ತೂತಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಗಾಜು ಸೀಳಿದ ದೊಡ್ಡ ಗಾಯಕ್ಕೆ ಸ್ಕೂಟರಿಗೆ ಹಾಕುವಂಥದೇ, ಆದರೆ ಸಣ್ಣ, ರಬ್ಬರ್ ದಾರ ತುರುಕಬೇಕು.

ಇನ್ನು ಯಾರು ಹಾಕಿಸಬಹುದು, ಯಾರು ಹಾಕಿಸಬಾರದು. ನಿಮ್ಮದು ರಾಡ್ ಬ್ರೇಕಿನ ದೊಡ್ಡ ಸೈಕಲ್ಲಾದರೆ ಆಸೆ ಬಿಡಿ. ಆ ರಿಮ್ಮು ಇದಕ್ಕೆಂದು ಮಾಡಿದ್ದಲ್ಲ. ಟಯರಿನ ಅಂಚು ರಿಮ್ಮಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳದಿದ್ದರೆ ತಿರುವಿನಲ್ಲಿ ಒಮ್ಮೆಗೇ ಕಳಚಿಕೊಳ್ಳುತ್ತದೆ. ಟೇಪು ಸುತ್ತಿ ಹೇಗೋ ಕೂರಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ನಾವು ಓಡಾಡುವುದು ನಾಲೆ ಏರಿ ಮೇಲೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ಹೋದರು. ಆ ನೀರಿನ ಪಕ್ಕದಲ್ಲಿ ಚಕ್ರದ ಜೊತೆ ಜುಗಾಡು ಬೇಡ.

ರಿಮ್ಮಿನ ಮೇಲೂ ಟಯರಿನ ಮೇಲೂ 'ಟ್ಯೂಬ್‌ಲೆಸ್ ರೆಡಿ' ಅಂತ ಬರೆದಿರಬೇಕು, ಎರಡರ ಅಳತೆಯೂ ಒಂದೇ ಇರಬೇಕು. ಗಿಯರಿನ ಈಚಿನ ಸೈಕಲ್ಲುಗಳಲ್ಲಿ ಕೆಲವಕ್ಕೆ ಇದು ಇರುತ್ತದೆ, ಎಲ್ಲಕ್ಕೂ ಇರುವುದಿಲ್ಲ. ರಿಮ್ಮಿನ ಕಡ್ಡಿ ತೂತುಗಳನ್ನು ಮುಚ್ಚುವ ಟೇಪು, ಬೇರೆಯದೇ ಆದ ವಾಲ್ ಬೇಕು. ಅಗಲ 40 ಮಿಲಿಮೀಟರಿಗಿಂತ ಕಡಿಮೆ ಬೇಡ, ಸೈಕಲ್ಲಿನ ಫೋರ್ಕು ಹಿಡಿಸಿದಷ್ಟು ಅಗಲ ತಗೊಳ್ಳಿ. ನಡುವೆ ಹೆಚ್ಚು ಗುಬಟಿ ಇಲ್ಲದೆ ಅಂಚಿನಲ್ಲಿ ಇರುವ ಟಯರು ನಮ್ಮ ಜಲ್ಲಿಗೆ ಸರಿ. ಮಳೆಗಾಲದ ಗದ್ದೆ ಕೆಸರಿಗೆ ಯಾವ ಟಯರೂ ಸರಿಯಿಲ್ಲ, ಇಳಿದು ತಳ್ಳಿ. ಮೊದಲ ಸಲ ಟಯರು ಕೂರಿಸಲು ಕೈ ಪಂಪು ಸಾಲದೇ ಹೋಗಬಹುದು, ಕಂಪ್ರೆಸರ್ ಇರುವ ಕಡೆ ಹೋಗಿ. ಪಟ್ ಪಟ್ ಅಂತ ಶಬ್ದ ಬಂದರೆ ಹೆದರಬೇಡಿ, ಅಂಚು ಕೂತಿತು ಅಂತ ಅರ್ಥ. ಟಯರಿನ ಮೇಲೆ ಬರೆದಿರುವ ಗಾಳಿಯ ಮಿತಿ ಮಾತ್ರ ದಾಟಿಸಬೇಡಿ.

ಹಾಕಿಸುವುದು ಒಂದು ದಿನದ ಕೆಲಸ, ಸಾಕುವುದು ವರ್ಷದ್ದು. ನಾವು ಎಡವಿದ್ದು ಸಾಕುವುದರಲ್ಲಿ. ಹಾಲು ಒಣಗುತ್ತದೆ ಅಂತ ಬಾಟಲಿ ಮೇಲೆ ಬರೆದಿತ್ತು, ಓದಿಯೂ ಇದ್ದೆವು. ಡಿಸೆಂಬರಿನಲ್ಲಿ ಹಾಕಿದ್ದನ್ನು ಏಪ್ರಿಲ್ ಕೊನೆವರೆಗೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ನಾಲೆ ಏರಿ ಮೇಲೆ ಮುಂದಿನ ಚಕ್ರ ಉಸ್ಸೆಂದಿತು, ತಿರುಗಿಸಿದೆವು, ಅಲ್ಲಾಡಿಸಿದೆವು, ಏನೂ ಬರಲಿಲ್ಲ. ಬಿಚ್ಚಿ ನೋಡಿದರೆ ಹಾಲಿನ ಜಾಗದಲ್ಲಿ ಒಣಗಿದ ಕೆನೆಯಂಥ ಹಾಳೆ. ಅದೃಷ್ಟಕ್ಕೆ ಚೀಲದಲ್ಲಿ ಒಂದು ಟ್ಯೂಬಿತ್ತು. ಖುಷಿಯಿಂದ ಹಾಕಿ ಗಾಳಿ ಹೊಡೆದೆವು. ನೂರು ಮಾರು ಹೋಗುವಷ್ಟರಲ್ಲಿ ಅದೂ ಉಸ್ಸ್.

ಯಾಕೆ ಗೊತ್ತೇ? ಅಷ್ಟು ತಿಂಗಳು ಹಾಲು ಮುಚ್ಚಿಕೊಂಡು ಬಂದಿದ್ದ ಮುಳ್ಳುಗಳೆಲ್ಲ ಟಯರಿನಲ್ಲೇ ಇದ್ದವು. ತುದಿಗಳು ಒಳಗೆ ಚಾಚಿಕೊಂಡಿದ್ದವು. ಮನೆಗೆ ತಳ್ಳಿಕೊಂಡು ಬಂದು ಇಕ್ಕಳದಲ್ಲಿ ಒಂದೊಂದೇ ಕಿತ್ತು ಎಣಿಸಿದೆವು, ಹದಿನೇಳು. ಹದಿನೇಳು ಪಂಚರ್ ನಮಗೆ ತಿಳಿಯದೆ ಆಗಿ ಹೋಗಿದ್ದವು ಅಂತ ಹಿಗ್ಗಬೇಕೋ, ನಾಲ್ಕು ಕಿಲೋಮೀಟರ್ ಬಿಸಿಲಲ್ಲಿ ನಡೆದೆವೆಂದು ಬೈದುಕೊಳ್ಳಬೇಕೋ ಗೊತ್ತಾಗಲಿಲ್ಲ. ಟ್ಯೂಬ್ ಹಾಕುವ ಮುಂಚೆ ಟಯರಿನ ಒಳಗೆ ಬಟ್ಟೆಯಲ್ಲಿ ಸವರಿ ಮುಳ್ಳು ಕೀಳಬೇಕು ಅನ್ನುವುದು ಆವತ್ತು ತಿಳಿಯಿತು.

ಈಗ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ನೋಡುತ್ತೇವೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಎಳನೀರಿನಂತೆ ಗುಳುಗುಳು ಅನ್ನಬೇಕು. ಅನ್ನದಿದ್ದರೆ ವಾಲಿನ ಒಳಗಿನ ಪಿನ್ನು ತೆಗೆದು, ಮೆಡಿಕಲ್ ಸ್ಟೋರಿನ ಸಿರಿಂಜಿನಲ್ಲಿ ಹಾಲು ಬಿಡುವುದು. 40 ಮಿಲಿಮೀಟರ್ ಟಯರಿಗೆ ಹೊಸದಾಗಿ ಹಾಕುವಾಗ ಸುಮಾರು 60 ಎಂ.ಎಲ್. ಬೇಕು. ಸೈಕಲ್ಲನ್ನು ಅಂಗಳದ ಬಿಸಿಲಲ್ಲಿ ಬಿಡದೆ ಕೊಟ್ಟಿಗೆ ನೆರಳಿಗೆ ನಿಲ್ಲಿಸಿ. ಗಾಳಿ ಟ್ಯೂಬಿನದಕ್ಕಿಂತ ಬೇಗ ಇಳಿಯಬಹುದು, ವಾರಕ್ಕೊಮ್ಮೆ ಒತ್ತಿ ನೋಡಿ.

ಇಷ್ಟು ಮಾಡಲು ಪುರುಸೊತ್ತಿಲ್ಲದವರಿಗೆ, ವಾರಕ್ಕೊಂದು ದಿನ ಮಾತ್ರ ಸೈಕಲ್ಲು ಹೊರತೆಗೆಯುವವರಿಗೆ ಟ್ಯೂಬ್‌ಲೆಸ್ ಬೇಡ ಅಂತಲೇ ನಮ್ಮ ಮಾತು. ನಿಂತ ಸೈಕಲ್ಲಿನಲ್ಲೂ ಹಾಲು ಒಣಗುತ್ತದೆ. ಶಾಲೆ ಮಕ್ಕಳ ಸೈಕಲ್ಲಿಗಂತೂ ಬೇಡವೇ ಬೇಡ. 2006–07ರಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರದ ಸೈಕಲ್ಲು ಬರಲು ಶುರುವಾದಾಗ ನಮ್ಮ ಅಕ್ಕಂದಿರು ಅದನ್ನೇ ತುಳಿದು ಹೈಸ್ಕೂಲು ಮುಗಿಸಿದರು. ಅಂಥ ಸೈಕಲ್ಲಿಗೆ ಗಟ್ಟಿ ಟಯರು, ಟ್ಯೂಬಿಗೂ ಟಯರಿಗೂ ನಡುವೆ ಹಳೇ ಟ್ಯೂಬು ಸೀಳಿದ ಪಟ್ಟಿ, ಇಷ್ಟು ಸಾಕು. ಟ್ಯೂಬಿನೊಳಗೂ ಸೀಲೆಂಟ್ ಬಿಡಬಹುದು, ಆದರೆ ಹಳೇ ವಾಲ್‌ಟ್ಯೂಬಿನ ಪುಟ್ಟ ರಬ್ಬರಿಗೆ ಅದು ಅಂಟಿಕೊಂಡು ತೊಂದರೆ ಕೊಡುತ್ತದೆ. ಬೈಕಿನ ಥರದ ವಾಲ್ ಇರುವ ಟ್ಯೂಬಾದರೆ ಒಳ್ಳೇದು. ನಮ್ಮ ಎರಡನೇ ಸೈಕಲ್ಲಿಗೆ ಹಾಗೇ ಮಾಡಿದ್ದೇವೆ, ಪಂಚರ್ ಎಷ್ಟೋ ಕಡಿಮೆಯಾಗಿದೆ, ಸವಾರಿ ಮಾತ್ರ ಗಟ್ಟಿಯೇ.

ದುಡ್ಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಒಂದು ಜೊತೆ ಒಳ್ಳೇ ಟ್ಯೂಬ್‌ಲೆಸ್ ಟಯರಿನ ದುಡ್ಡಿಗೆ ಊರಲ್ಲಿ ಒಂದು ಹಳೇ ಸೈಕಲ್ಲೇ ಬರುತ್ತದೆ. ಹಾಲಿನ ಬಾಟಲಿ ಕೊರಿಯರಿನಲ್ಲಿ ತರಿಸಬೇಕು. ಇದೇ ನಮಗೆ ಸರಿಕಾಣದ್ದು. ತಲೆಗೊಂದು ಬಾಟಲಿ ತರಿಸಿ, ಮುಕ್ಕಾಲು ಪಾಲು ಅಟ್ಟದಲ್ಲಿ ಹೆಪ್ಪುಗಟ್ಟಿಸುವ ಬದಲು, ಪಂಚರ್ ಅಂಗಡಿಯಲ್ಲೇ ಒಂದು ದೊಡ್ಡ ಬಾಟಲಿ ಇರಬೇಕು. ಹಿಂದೆ ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಹಾಗೆ ಬೇಕಾದಷ್ಟು ಅಳೆದು ಹಾಕಬೇಕು. ಟ್ಯೂಬ್‌ಲೆಸ್ ಬಂದರೆ ಪಂಚರ್ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದಂತೆ ಅನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಸ್ಕೂಟರಿಗೆ ಅದು ಬಂದಾಗ ಅಂಗಡಿ ಮುಚ್ಚಿದವೇ? ದಾರ ತುರುಕುವುದು ಕಲಿತರು. ಇದನ್ನೂ ಕಲಿಯುತ್ತಾರೆ, ನಾವು ಗಿರಾಕಿಗಳು ಹೋಗಿ ಕೇಳಬೇಕು ಅಷ್ಟೆ. ಹಾಗೆಯೇ ಬೇಲಿ ಸವರುವವರಿಗೂ ಒಂದು ಕೋರಿಕೆ. ಕಡಿದ ಜಾಲಿ ಕೊಂಬೆಯನ್ನು ಏರಿ ಮೇಲೇ ಬಿಟ್ಟು ಹೋಗಬೇಡಿ. ಟ್ಯೂಬ್‌ಲೆಸ್ ನಮಗಿದೆ, ಬರಿಗಾಲಲ್ಲಿ ದನ ಹೊಡೆದುಕೊಂಡು ಹೋಗುವ ಅಜ್ಜಿಗೆ ಏನಿದೆ?

ಕಳೆದ ತಿಂಗಳು ನಮ್ಮಲ್ಲಿ ಉಳಿದಿದ್ದ ಅರ್ಧ ಬಾಟಲಿಯನ್ನು ಅಂಗಡಿ ಅಣ್ಣನಿಗೇ ಕೊಟ್ಟೆವು, ಸಿರಿಂಜೂ ಕೊಟ್ಟು ಹಾಕುವುದು ತೋರಿಸಿದೆವು. ಎಷ್ಟು ಹಾಕಬೇಕು ಅಂದರು. ಚಕ್ರಕ್ಕೆ 60 ಎಂ.ಎಲ್. ಅಂದೆವು. ಬಾಟಲಿಯನ್ನು ಸೊಲ್ಯೂಷನ್ ಡಬ್ಬಿಗಳ ಪಕ್ಕ ಇಡುತ್ತಾ, "ಲೆಕ್ಕ ಮರೆಯಾಕಿಲ್ಲ ಬುಡಿ, ಸಂಜೆ ಒತ್ತು ನಮ್ಮೂರಲ್ಲಿ ಎಲ್ರುಗೂ ಗೊತ್ತಿರೋ ಅಳತೇನೆಯಾ" ಅಂದರು.