ಉತ್ತರ ಹೇಳಬೇಕಾದವರು ಯಾರು?



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರು, ಪುಣೆ, ದುಬೈಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಅವರ ಹೆತ್ತವರು ಮಾತ್ರ ಬೆಳ್ಮಣ್, ನಂದಳಿಕೆ, ಮುಂಡ್ಕೂರು, ಬೋಳದ ಮನೆಗಳಲ್ಲಿಯೇ ಉಳಿದಿದ್ದಾರೆ. ಮಕ್ಕಳು ಕೊಡಿಸಿ ಹೋದ ಒಂದು ಮೊಬೈಲಿನೊಳಗೆ ಅವರ ವಿದ್ಯುತ್ ಬಿಲ್ಲು, ಗ್ಯಾಸ್ ಬುಕ್ಕಿಂಗ್, ಪಿಂಚಣಿಯ ಸಂದೇಶ, ಮೊಮ್ಮಕ್ಕಳ ಮುಖ ಎಲ್ಲವೂ ಸೇರಿಹೋಗಿವೆ. ಹೆತ್ತವರು ನನ್ನಲ್ಲಿ ಕೇಳುವುದು, "ಮಾಸ್ಟ್ರೇ, ಇದನ್ನೆಲ್ಲ ನಂಬಬಹುದೇ?" ಎಂದು. ಮಕ್ಕಳು ಕೇಳುವುದು, "ಸರ್, ನಮ್ಮ ಅಪ್ಪ ಯಾವುದನ್ನೂ ಯಾಕೆ ನಂಬುವುದಿಲ್ಲ?" ಎಂದು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ನನ್ನ ಅಭಿಪ್ರಾಯ. ಎಂದೂ ತಪ್ಪು ಮಾಡದವರು ಲೋಕದಲ್ಲಿ ಯಾರೂ ಇಲ್ಲ. ನಾವು ನಂಬುವುದು ತಪ್ಪಾದಾಗ ಎದುರು ನಿಂತು ಉತ್ತರ ಹೇಳುವವರನ್ನು.

ನಂಬಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಬೇರೆಯವರಿಂದ ಪಾಠ ಬೇಕಾಗಿಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈಯವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಅದೇ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಹೊರತಂದಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕಿನ ಏಜೆಂಟರೇ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಒಯ್ಯುತ್ತಿದ್ದರು.

ಎರಡಾಣೆ ಕೊಡುತ್ತಿದ್ದ ನೇಕಾರನಾಗಲಿ, ಮೀನು ಮಾರುವ ಹೆಂಗಸಾಗಲಿ ಬ್ಯಾಂಕಿನ ವಾರ್ಷಿಕ ವರದಿಯನ್ನು ಓದಿ ನಂಬಿದವರಲ್ಲ. ಇಂದು ಹಣ ಒಯ್ದವರು ನಾಳೆ ಪುನಃ ಅದೇ ಬಾಗಿಲಿಗೆ ಬರಲೇಬೇಕಿತ್ತು; ನಂಬಿಕೆಯ ಬೇರು ಇದ್ದುದು ಅಲ್ಲಿ. ಪುಸ್ತಕದಲ್ಲಿ ಬರೆದ ಲೆಕ್ಕ ತಪ್ಪಿದರೆ ಅವರನ್ನೇ ಕೇಳಬಹುದಿತ್ತು. ಅವರು ಸರಿಯಾದ ಉತ್ತರ ಕೊಡದಿದ್ದರೆ ಶಾಖೆಗೆ ಹೋಗಿ ಮ್ಯಾನೇಜರರನ್ನು ಕೇಳಬಹುದಿತ್ತು. ಎಲ್ಲವೂ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ನಡೆಯುತ್ತಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ, ಇಂದಿನದೆಲ್ಲ ಕಬ್ಬಿಣ ಎಂದು ಹೇಳುವವನು ನಾನಲ್ಲ. ಆ ಕಾಲದಲ್ಲಿಯೂ ಬ್ಯಾಂಕುಗಳು ಮುಳುಗುತ್ತಿದ್ದವು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಬಾಗಿಲು ಮುಚ್ಚಿದಾಗ ದೇಶದ ಠೇವಣಿದಾರರೆಲ್ಲ ನಡುಗಿದರು. ಅದರ ಫಲವಾಗಿ 1962ರ ಜನವರಿ 1ರಿಂದ ಠೇವಣಿಗೆ ವಿಮೆ ಬಂದಿತು. ಅಂದರೆ, ಬ್ಯಾಂಕುಗಳ ಮೇಲಿನ ವಿಶ್ವಾಸ ಕೇವಲ ಬ್ಯಾಂಕಿನವರ ಸದ್ಗುಣದಿಂದ ಬೆಳೆದುದಲ್ಲ. ಕೇಳುವ ಹಕ್ಕು ಇವರಿಗೆ, ಹೇಳುವ ಹೊಣೆ ಅವರಿಗೆ ಎಂದು ಕಾನೂನು ಬರೆದಿಟ್ಟುದರಿಂದಲೂ ಬೆಳೆಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಹೆಸರುಗಳು ಹೋದವು, ಆ ಅಳತೆಗೋಲು ಮಾತ್ರ ಹೋಗಬಾರದು. ಇಂದಿನ ದೊಡ್ಡ ತಂತ್ರಜ್ಞಾನ ಕಂಪೆನಿಗಳನ್ನು ನಾನು ಅಳೆಯುವುದು ಅದೇ ಕೋಲಿನಿಂದ.

2021ರ ಜೂನ್ ತಿಂಗಳ ಮೊದಲ ವಾರ ನಿಮಗೆ ನೆನಪಿರಬಹುದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಗೂಗಲಿನಲ್ಲಿ ಹುಡುಕಿದವರಿಗೆ 'ಕನ್ನಡ' ಎಂಬ ಉತ್ತರ ಕಾಣಿಸಿತು. ನಾಡಿನ ಉದ್ದಗಲಕ್ಕೂ ಆಕ್ರೋಶ ಎದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ನೋಟಿಸು ಕೊಡುವುದಾಗಿ ಹೇಳಿದರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಹುಡುಕಾಟ ಎಲ್ಲ ಸಲವೂ ಪರಿಪೂರ್ಣವಾಗಿರುವುದಿಲ್ಲ, ಅದು ಕಂಪೆನಿಯ ಅಭಿಪ್ರಾಯವಲ್ಲ ಎಂಬ ಸಮಜಾಯಿಷಿಯನ್ನೂ ಕೊಟ್ಟಿತು.

ಒಂದು ಯಂತ್ರ ಹೇಳಿತೆಂದು ಕನ್ನಡ ಕುರೂಪವಾಗುವುದಿಲ್ಲ. ಆ ಚಿಂತೆ ನನಗಿರಲಿಲ್ಲ. ಮೇಷ್ಟ್ರಾಗಿ ನನ್ನನ್ನು ಕಾಡಿದ ಸಂಗತಿ ಬೇರೆ. ತರಗತಿಯಲ್ಲಿ ಒಬ್ಬ ಹುಡುಗ ಇಂತಹ ಉತ್ತರ ಬರೆದಿದ್ದರೆ, "ಯಾವ ಪುಸ್ತಕದಲ್ಲಿ ಓದಿದೆ? ಯಾರು ಹೇಳಿದರು?" ಎಂದು ಕೇಳುತ್ತಿದ್ದೆ. ಅವನು ತಲೆ ತಗ್ಗಿಸಿಯಾದರೂ ಒಂದು ಹೆಸರು ಹೇಳುತ್ತಿದ್ದ. ಇಲ್ಲಿ ಯಂತ್ರವು ಯಾವುದೋ ಅಜ್ಞಾತ ತಾಣದ ಒಂದು ಸಾಲನ್ನು ಎತ್ತಿ, ಗುರುವಿನ ಧ್ವನಿಯಲ್ಲಿ ನಮ್ಮ ಮುಂದಿಟ್ಟಿತು. ಆ ಪ್ರಶ್ನೆಗೆ ಉತ್ತರವೇ ಇಲ್ಲ, ಪ್ರಶ್ನೆಯೇ ತಪ್ಪು ಎಂದು ತಿದ್ದುವ ವಿವೇಕ ಅದಕ್ಕಿರಲಿಲ್ಲ. ಈಗ ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೇ ಧ್ವನಿ ಇನ್ನಷ್ಟು ನಯವಾಗಿದೆ. ಕೇಳಿದ್ದಕ್ಕೆಲ್ಲ ಪುಟಗಟ್ಟಲೆ ಉತ್ತರ ಸಿಗುತ್ತದೆ. ಉತ್ತರಕ್ಕೆ ಬಾಧ್ಯರಾದವರು ಮಾತ್ರ ಸಿಗುವುದಿಲ್ಲ.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. 2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಾರ್ಯಾಲಯವು ಕನ್ನಡದಲ್ಲಿ ಪ್ರಕಟಿಸಿತು. ಮೆಟಾ ಕಂಪೆನಿಯ ಯಂತ್ರವು ಅದನ್ನು ಇಂಗ್ಲಿಷಿಗೆ ತಾನಾಗಿಯೇ ಅನುವಾದಿಸಿ, ಮುಖ್ಯಮಂತ್ರಿಗಳೇ ನಿಧನರಾದರೆಂಬ ಅರ್ಥ ಬರಿಸಿತು! ದರ್ಶನ ಪಡೆದವರು ಯಾರು, ಅಗಲಿದವರು ಯಾರು ಎಂಬುದು ನಮ್ಮ ಏಳನೆಯ ತರಗತಿಯ ಮಗುವಿಗೂ ತಿಳಿಯುವ ಮಾತು. ಕನ್ನಡದ ಅನುವಾದ ನಂಬಲರ್ಹವಾಗುವವರೆಗೆ ಅದನ್ನು ನಿಲ್ಲಿಸಿ ಎಂದು ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಕಂಪೆನಿಗೆ ಪತ್ರ ಬರೆದರು. ಕಂಪೆನಿ ದೋಷ ಸರಿಪಡಿಸಿದ್ದಾಗಿ ತಿಳಿಸಿ ಕ್ಷಮೆ ಯಾಚಿಸಿತು.

ಈ ಎರಡು ಪ್ರಸಂಗಗಳಲ್ಲಿಯೂ ಕ್ಷಮೆ ದೊರೆತುದು ನಿಜ. ಆದರೆ ಯಾರಿಗೆ ದೊರೆಯಿತೆಂಬುದನ್ನು ಗಮನಿಸಿ. ಒಂದು ಸಲ ಇಡೀ ರಾಜ್ಯ ಕೂಗಿದ ಮೇಲೆ, ಇನ್ನೊಂದು ಸಲ ಮುಖ್ಯಮಂತ್ರಿಗಳ ಕಾರ್ಯಾಲಯದಿಂದ ಪತ್ರ ಹೋದ ಮೇಲೆ. ಬೆಳ್ಮಣ್ಣಿನ ಒಬ್ಬ ಅಜ್ಜಿ ತನ್ನ ತಮ್ಮನ ಶ್ರದ್ಧಾಂಜಲಿಯನ್ನು ಹಾಕಿ, ಯಂತ್ರವು ಅಜ್ಜಿಯೇ ತೀರಿಕೊಂಡರೆಂದು ಮುಂಬಯಿಯ ಮೊಮ್ಮಗನಿಗೆ ತೋರಿಸಿದರೆ ಅವಳು ಎಲ್ಲಿಗೆ ಹೋಗಬೇಕು? ಯಾರ ಬಾಗಿಲು ತಟ್ಟಬೇಕು?

ನಮ್ಮ ನೆರೆಯ ಹಿರಿಯರೊಬ್ಬರಿಗೆ ಕಳೆದ ಮಳೆಗಾಲದಲ್ಲಿ ಇಂತಹದೇ ಅನುಭವವಾಯಿತು. ಕೇಳದ ಯಾವುದೋ ಸೇವೆಗೆಂದು ತಿಂಗಳು ತಿಂಗಳೂ ಅವರ ಹಣ ಕಡಿತವಾಗುತ್ತಿತ್ತು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ದೂರವಾಣಿ ಮಾಡಿದರೆ ಕನ್ನಡಕ್ಕೆ ಈ ಅಂಕಿ ಒತ್ತಿ, ಅದಕ್ಕೆ ಆ ಅಂಕಿ ಒತ್ತಿ ಎಂಬ ಮುದ್ರಿತ ಧ್ವನಿ. ಒತ್ತಿ ಒತ್ತಿ ಬೆರಳು ಸೋತಿತೇ ಹೊರತು ಮನುಷ್ಯರ ಧ್ವನಿ ಕೇಳಲಿಲ್ಲ. ಹೋದ ಮೊತ್ತ ದೊಡ್ಡದಲ್ಲ. ಆದರೆ ಆ ಮೇಲೆ ಅವರು ಪೇಟೆಯ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಡುವುದನ್ನೂ ಬಿಟ್ಟರು. ಇದನ್ನು ಹಳಬರ ಅಜ್ಞಾನವೆಂದು ನಗುವವರಿದ್ದಾರೆ. ನನಗೆ ಅದು ವಿವೇಕವಾಗಿ ಕಾಣುತ್ತದೆ. ಒಳಗೆ ಬರುವ ಬಾಗಿಲು ಅಗಲವಾಗಿಯೂ ಹೊರಗೆ ಹೋಗುವ ಬಾಗಿಲು ಇಕ್ಕಟ್ಟಾಗಿಯೂ ಇರುವ ಮನೆಗೆ ಯಾರು ಹೋಗುತ್ತಾರೆ? ಇಂತಹ ಉಪಾಯಗಳನ್ನೇ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹದಿಮೂರು ಬಗೆಯಾಗಿ ಪಟ್ಟಿ ಮಾಡಿ ನಿಷೇಧಿಸಿತು. ನಮ್ಮ ಹಿರಿಯರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಇಷ್ಟೆಲ್ಲ ಹೇಳಿದಾಗ, "ಹಾಗಾದರೆ ಸರಕಾರವೇ ಅಂತರಜಾಲವನ್ನು ಬಿಗಿಯಾಗಿ ಹಿಡಿಯಲಿ" ಎನ್ನುವವರು ಬಹಳ. ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಈ ವಿವಾದ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೇ ಎರಡು ಸಲ ನಡೆಯಿತು. ಕೆಲವು ಖಾತೆಗಳನ್ನೂ ಬರಹಗಳನ್ನೂ ತಡೆಹಿಡಿಯಬೇಕೆಂಬ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಕಂಪೆನಿಯ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ತಳ್ಳಿಹಾಕಿ, 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದೇ ಕಂಪೆನಿ 'ಎಕ್ಸ್' ಎಂಬ ಹೊಸ ಹೆಸರಿನಲ್ಲಿ, ತೆಗೆದುಹಾಕುವ ಸೂಚನೆಗಳನ್ನು ಕಳುಹಿಸುವ 'ಸಹಯೋಗ' ಎಂಬ ಸರಕಾರಿ ವ್ಯವಸ್ಥೆಯನ್ನು ಪ್ರಶ್ನಿಸಿತು. ಆ ಅರ್ಜಿಯನ್ನೂ 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಜಾ ಮಾಡಿದರು.

ಕಾರ್ಕಳದ ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ನೆಲದ ಕಾನೂನು ಅನ್ವಯಿಸುವುದಾದರೆ, ಸಮುದ್ರದಾಚೆಯ ಕಂಪೆನಿಗೂ ಅನ್ವಯಿಸಬೇಕು. ಈ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ಅರ್ಧ? ಬರಹಗಳನ್ನು ತಡೆಹಿಡಿಯುವ ಬಗ್ಗೆ 2009ರಲ್ಲಿ ಮಾಡಿದ ನಿಯಮಗಳಲ್ಲಿ, ದೂರನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕೆಂದು ಬರೆದಿದೆ. ಹಾಗಾಗಿ ಬರೆದವನಿಗೆ ತನ್ನ ಬರಹ ಯಾಕೆ ಹೋಯಿತು, ಯಾರು ತೆಗೆಸಿದರು ಎಂಬುದು ಅನೇಕ ಸಲ ತಿಳಿಯುವುದೇ ಇಲ್ಲ. ಕಂಪೆನಿಯವರನ್ನು ಕೇಳಿದರೆ ಸರಕಾರದ ಕಡೆಗೆ ಬೆರಳು, ಸರಕಾರವನ್ನು ಕೇಳಿದರೆ ಮೌನ. ಯಂತ್ರದ ಮುಂದೆ ನಿಂತ ಅಜ್ಜಿಯ ಸ್ಥಿತಿಯೂ ಇವನ ಸ್ಥಿತಿಯೂ ಒಂದೇ ಆಯಿತಲ್ಲವೇ? 2025ರ ಅಕ್ಟೋಬರಿನಲ್ಲಿ ಒಂದು ತಿದ್ದುಪಡಿ ಬಂದಿತು. ಬರಹ ತೆಗೆಯಿರೆಂದು ಕಂಪೆನಿಗಳಿಗೆ ತಿಳಿಸುವ ಅಧಿಕಾರವನ್ನು ಅದು ಉನ್ನತ ಅಧಿಕಾರಿಗಳಿಗೆ ಸೀಮಿತಗೊಳಿಸಿತು, ಕಾರಣವನ್ನೂ ಸ್ಪಷ್ಟವಾಗಿ ನಮೂದಿಸಬೇಕೆಂದಿತು. ಒಳ್ಳೆಯ ಹೆಜ್ಜೆ. ಆ ಕಾರಣ ಬರೆದವನ ಕೈಗೂ ತಲಪಬೇಕೆಂಬುದು ನನ್ನ ವಾದ. ತಪ್ಪು ಬರೆದ ಹುಡುಗನ ಪುಟವನ್ನು ಹರಿದುಹಾಕುವುದು ಸುಲಭ. ಎಲ್ಲಿ ತಪ್ಪಿತೆಂದು ಕೆಂಪು ಶಾಯಿಯಲ್ಲಿ ಬರೆಯುವುದು ಮೇಷ್ಟ್ರ ಕೆಲಸ.

ಕಂಪೆನಿಯೂ ದೊಡ್ಡದು, ಸರಕಾರವೂ ದೊಡ್ಡದು, ನಾವು ಕೇಳಿ ಏನು ಪ್ರಯೋಜನ ಎನ್ನುವವರಿಗೆ ನಾನು ಒಬ್ಬ ಹಿರಿಯರ ಹೆಸರು ಹೇಳುತ್ತೇನೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದವರು. 2012ರಲ್ಲಿ, ಎಂಬತ್ತು ದಾಟಿದ ಪ್ರಾಯದಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ನಮ್ಮ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾನೂನೂ ಬಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಒಬ್ಬ ಪಿಂಚಣಿದಾರರು ಕೇಳಿದ ಪ್ರಶ್ನೆಗೆ ಇಡೀ ದೇಶಕ್ಕೆ ಉತ್ತರ ಸಿಕ್ಕಿತು.

ಕಂಪೆನಿಗಳಲ್ಲಿ ದುಡಿಯುವ ನನ್ನ ವಿದ್ಯಾರ್ಥಿಗಳಿಗೆ ಎರಡು ಮಾತು. ಗ್ರಾಹಕರ ವಿಶ್ವಾಸವನ್ನು ಜಾಹೀರಾತಿನಿಂದ ಗಳಿಸಬಹುದೆಂದು ನಿಮ್ಮ ಮೇಲಧಿಕಾರಿಗಳು ಹೇಳಿದಾಗ, ಎರಡಾಣೆಯ ಪಿಗ್ಮಿಯ ಕಥೆಯನ್ನು ಅವರಿಗೆ ಹೇಳಿ. ನೀವು ಬರೆಯುವ ಪ್ರೋಗ್ರಾಮಿನ ಇನ್ನೊಂದು ತುದಿಯಲ್ಲಿ, ಕನ್ನಡಕ ಹಾಕಿಕೊಂಡು ಯಾವುದನ್ನು ಒತ್ತಬೇಕೆಂದು ತಿಳಿಯದೆ ಕುಳಿತಿರುವವರು ನಿಮ್ಮ ತಾಯಿಯೇ ಆಗಿರಬಹುದು. ಅವರಿಗೆ ಕನ್ನಡದಲ್ಲಿ ಮಾತನಾಡುವ ಒಬ್ಬ ಮನುಷ್ಯರನ್ನು ತಲಪುವ ದಾರಿಯೊಂದನ್ನು ಇಡಿ. ಖರ್ಚಿನ ಬಾಬೆಂದು ಅದನ್ನು ಕಡಿಯುವ ಪ್ರಸ್ತಾಪ ಬಂದಾಗ ಸಭೆಯಲ್ಲಿ ಒಮ್ಮೆ ಬಾಯಿ ತೆರೆಯಿರಿ. ನಿಮಗೆ ಸಿಗುವ ಅವಕಾಶ ನಮಗೆ ಸಿಗುವುದಿಲ್ಲ.

ಊರಲ್ಲಿರುವ ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. ಬಾಗಿಲುಗಳು ಕಿರಿದಾದರೂ ಇಲ್ಲವೇ ಇಲ್ಲವೆಂದಲ್ಲ. 2021ರ ಫೆಬ್ರವರಿಯ ನಿಯಮಗಳ ಪ್ರಕಾರ ಇಂತಹ ಕಂಪೆನಿಗಳು ದೂರು ಸ್ವೀಕರಿಸುವ ಅಧಿಕಾರಿಯ ಹೆಸರನ್ನೂ ಸಂಪರ್ಕದ ವಿವರವನ್ನೂ ಪ್ರಕಟಿಸಬೇಕು. ಅವರ ಉತ್ತರ ಸಮಾಧಾನ ತಾರದಿದ್ದರೆ ಮೂವತ್ತು ದಿನಗಳೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಬರೆಯಬಹುದು. 2023ರಿಂದ ಆ ವ್ಯವಸ್ಥೆ ಇದೆ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸುವವರು ಕಳ್ಳರು. ಅಂತಹ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ, ಮಕ್ಕಳ ಕರೆಗೂ ಕಾಯದೆ, ಕೂಡಲೇ 1930ಕ್ಕೆ ಕರೆಮಾಡಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೈತಪ್ಪುತ್ತದೆ.

ಈ ನಾಲ್ಕಂಕಿಯನ್ನು ಮೊಬೈಲಿನೊಳಗೆ ಉಳಿಸಿಟ್ಟರೆ ಸಾಲದು. ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.